ಹೆಡ್ ಇಳಿಸದೆ ತೆಗೆದ ಸ್ಟಡ್

ಬೈಕಿನ ಇಂಜಿನ್ ಹೆಡ್ಡಿನೊಳಗೆ ಮುರಿದು ಕೂತ ಸ್ಟಡ್ (ನಟ್ ಕೂರಿಸೋ ತಲೆಯಿಲ್ಲದ ಬೋಲ್ಟ್) ತೆಗೆಯೋಕೆ ಹೆಡ್ ಇಳಿಸದೆ ಆಗಲ್ಲ ಅಂತ ನಮ್ಮೂರಿನ ಮೂವರು ಮೆಕ್ಯಾನಿಕ್‌ಗಳೂ ಹೇಳಿದ್ದರು, ಲೇತ್ ಅಂಗಡಿಯವರೂ ಹೇಳಿದ್ದರು. ನಾನು ಇಳಿಸದೆ ತೆಗೆದೆ.

ಗಾಡಿ 2003ರ ಸ್ಪ್ಲೆಂಡರ್. ಮುರಿದಿದ್ದು ಸೈಲೆನ್ಸರಿನ ಬೆಂಡ್ ಪೈಪ್ ಹಿಡಿದುಕೊಳ್ಳೋ ಎರಡು ಸ್ಟಡ್‌ಗಳಲ್ಲಿ ಒಂದು. ಹತ್ತರ ಸ್ಪ್ಯಾನರ್ ಹಾಕಿ ತಿರುಗಿಸಿದ್ದಷ್ಟೇ, ಮೆತ್ತಗೆ ಬಂತು. ಅಷ್ಟು ಮೆತ್ತಗೆ ಬಂದರೆ ಬಿಚ್ಚಿದ್ದು ನಟ್ ಅಲ್ಲ ಅಂತ ಸ್ಪ್ಯಾನರ್ ಹಿಡಿದ ಕೈಗೆ ಗೊತ್ತಾಗುತ್ತೆ. ಹೆಡ್ಡಿನ ಮಟ್ಟಕ್ಕೇ ತುಂಡಾಗಿತ್ತು, ಪ್ಲೈಯರಿಗೆ ಸಿಗೋ ಅಷ್ಟೂ ಹೊರಗಿರಲಿಲ್ಲ.

ಹೋದ ವರ್ಷ ಇಂಥದ್ದೇ ಒಂದಕ್ಕೆ ಈಜಿಔಟ್ (ಮುರಿದ ತುಂಡಿಗೆ ತೂತು ಕೊರೆದು, ಅದರಲ್ಲಿ ಕಚ್ಚಿಸಿ ಉಲ್ಟಾ ತಿರುಗಿಸಿ ತೆಗೆಯೋ ಸಾಧನ) ಹಾಕಿ ಕೈ ಸುಟ್ಟುಕೊಂಡಿದ್ದೆ. 3 ಎಂಎಂ ತೂತು ಮಧ್ಯಕ್ಕೆ ಬರಲಿಲ್ಲ. ಸ್ಟಡ್ ಗಟ್ಟಿ, ಸುತ್ತ ಅಲ್ಯುಮಿನಿಯಂ ಮೆದು, ಡ್ರಿಲ್ ಬಿಟ್ ಮೆದು ಕಡೆಗೇ ಜಾರುತ್ತೆ. ಕೊನೆಗೆ ಈಜಿಔಟೇ ಒಳಗೆ ಮುರೀತು. ಅದು ಸ್ಟಡ್‌ಗಿಂತ ಗಟ್ಟಿ, ಆಮೇಲೆ ಯಾವ ಬಿಟ್ಟೂ ಕಚ್ಚಲಿಲ್ಲ. ಲೇತಿಗೆ 700, ಗ್ಯಾಸ್ಕೆಟ್‌ಗೆ 250ರ ಆಸುಪಾಸು, ಎರಡು ದಿನ ಹೋಯ್ತು. ಗಿರಾಕಿ ಕೊಟ್ಟಿದ್ದು 400. ಮಿಕ್ಕಿದ್ದು ನನ್ನ ಜೇಬಿಂದ.

ಈ ಸಲ ಮುರಿದ ಸ್ಟಡ್ ಮೇಲೆ ನಟ್ ಕೂರಿಸಿ ವೆಲ್ಡ್ ಮಾಡೋದು ಅಂತ ತೀರ್ಮಾನ ಮಾಡಿದೆ. ಮಾಮೂಲಿ ಆರ್ಕ್ ಮಷಿನ್, 75 ಆಂಪ್ ಇರಬಹುದು. ಹೆಡ್ ಕರಗುತ್ತೆ, ಸಿಡಿಐ (ಕಿಡಿ ಹೊತ್ತಿಸೋ ಎಲೆಕ್ಟ್ರಾನಿಕ್ ಡಬ್ಬಿ) ಸುಡುತ್ತೆ ಅಂತ ಹೆದರಿಸಿದರು. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆ, ಬ್ಯಾಟರಿ ತೆಗೆದೆ, ಸಿಡಿಐ ಕನೆಕ್ಟರ್ ಬಿಚ್ಚಿದೆ. ಅರ್ತ್ ಕ್ಲಾಂಪ್ ಚಾಸಿಗೆ ಹಾಕಲಿಲ್ಲ, ನೇರ ಹೆಡ್ಡಿನ ಫಿನ್ನಿಗೇ ಕಚ್ಚಿಸಿದೆ.

ಮೊದಲ ಮೂರು ನಟ್‌ಗಳೂ ವೆಲ್ಡ್ ಸಮೇತ ಕಿತ್ತು ಬಂದವು. ಕಾರಣ ತಿಳಿಯೋಕೆ ಮಧ್ಯಾಹ್ನ ಆಯ್ತು. ಈ ಇಂಜಿನ್‌ನಲ್ಲಿ ಹೊಗೆ ಹೊರಡೋ ಪೋರ್ಟ್ ಕೆಳಮುಖ, ಕರಗಿದ ವೆಲ್ಡಿಂಗ್ ರಾಡ್ ಸ್ಟಡ್ಡಿಗೆ ಹತ್ತೋ ಮೊದಲೇ ಕೆಳಗೆ ಸುರಿಯುತ್ತಿತ್ತು. ಇಂಜಿನ್ ಆಯಿಲ್ ಇಳಿಸಿ, ಹಳೆ ಟಯರ್ ಎರಡು ಹಾಸಿ, ಹುಡುಗನ ಕೈಲಿ ಹಿಡಿಸಿ ಗಾಡಿಯನ್ನೇ ಮಲಗಿಸಿದೆ. ಸ್ಟಡ್ಡಿನ ಮೇಲೆ ಮೊದಲು ಸಣ್ಣ ಗುಬಟು ಎಬ್ಬಿಸಿ, ಅದರ ಮೇಲೆ 8 ಎಂಎಂ ನಟ್ ಇಟ್ಟು ಒಳಗಿನಿಂದ ತುಂಬಿಸಿದೆ. 6 ಎಂಎಂ ನಟ್ಟಿನೊಳಗೆ ರಾಡ್ ಆಡೋಕೆ ಜಾಗ ಸಾಲಲ್ಲ. ರಾಡ್ ಯಾವ ಗಾತ್ರದ್ದು, ಎಷ್ಟು ಹೊತ್ತು ಹಿಡಿದೆ ಅನ್ನೋದನ್ನ ಬರೆಯಲ್ಲ. ಅದನ್ನ ಕಲಿಯೋಕೆ ನಾನು ಹಾಳು ಮಾಡಿದ ಗುಜರಿ ಹೆಡ್‌ಗಳೇ ನಾಲ್ಕು.

ಕೆಂಪು ಹೋಗಿ ಕಪ್ಪಾದ ಮೇಲೆ ಬುಡಕ್ಕೆ ಮೇಣದಬತ್ತಿ ಒತ್ತಿದೆ. ಮೇಣ ಹೊಗೆಯಾಡುತ್ತಾ ಸಂದಿಗೆ ಇಳೀತು. ಹದಿಮೂರರ ಸ್ಪ್ಯಾನರ್ ಹಾಕಿ ಮೊದಲು ಬಿಗಿ ಕಡೆಗೇ ಒಂಚೂರು, ಆಮೇಲೆ ಸಡಿಲು ಕಡೆಗೆ. ಕಿರ್ರ್ ಅಂತು. ಹಿಂದೆ ಮುಂದೆ ಇಪ್ಪತ್ತು ನಿಮಿಷ ಆಡಿಸಿದ ಮೇಲೆ ಇಡೀ ತುಂಡು ಬಂತು, ಥ್ರೆಡ್ ತುಂಬಾ ಸುಣ್ಣದಂಥ ಬಿಳಿ ಪುಡಿ. ಇಷ್ಟು ವರ್ಷ ಹಿಡಿದಿಟ್ಟಿದ್ದು ಆ ಪುಡಿ.

ಮೇಣ ಸುಮ್ಮನೆ ಆರಿಸಿದ್ದಲ್ಲ. ಗುಜರಿ ಕ್ರ್ಯಾಂಕ್‌ಕೇಸಿನ ತುಕ್ಕು ಹಿಡಿದ ಬೋಲ್ಟ್‌ಗಳ ಮೇಲೆ ಡೀಸೆಲ್, ಬ್ರೇಕ್ ಆಯಿಲ್, ಮೇಣ ಮೂರೂ ನೋಡಿದ್ದೆ. ರಾತ್ರಿಯಿಡೀ ಡೀಸೆಲ್ ನೆನೆಸಿದರೂ ಒಂದೂ ಅಲ್ಲಾಡಲಿಲ್ಲ, ಕಾಯಿಸಿ ಮೇಣ ಬಿಟ್ಟಿದ್ದರಲ್ಲಿ ಐದಕ್ಕೆ ನಾಲ್ಕು ಬಂದವು. ಅಂಗಡಿ ಮುಂದೆ ದೃಷ್ಟಿಗೆ ಕಟ್ಟೋ ಪಟಿಕವನ್ನೂ ಬಿಡಲಿಲ್ಲ. ಪಟಿಕದ ನೀರು ಕಬ್ಬಿಣ ತಿನ್ನುತ್ತೆ, ಅಲ್ಯುಮಿನಿಯಂ ತಂಟೆಗೆ ಅಷ್ಟಾಗಿ ಹೋಗಲ್ಲ. ಹಳೆ ಹೆಡ್ಡಿನ ತುಂಡನ್ನ ಪಟಿಕದ ನೀರಲ್ಲಿ ಸಣ್ಣ ಉರಿಯಲ್ಲಿ ಇಟ್ಟೆ. ಸ್ಟಡ್ಡಿನ ಸುತ್ತ ಸಾಸಿವೆಯಂಥ ಗುಳ್ಳೆ ಎದ್ದವು, ಎರಡು ದಿನಕ್ಕೆ ಬಹುಪಾಲು ಕರಗಿತ್ತು. ಆದರೆ ಹೆಡ್ ಗಾಡಿಯಲ್ಲಿದ್ದಾಗ ಅದು ಆಗೋ ಕೆಲಸ ಅಲ್ಲ, ಗ್ಯಾಸಿನ ಖರ್ಚೂ ಗಿಟ್ಟಲ್ಲ.

ಆಮೇಲೆ ಥ್ರೆಡ್ ಕೊರೆಯೋ 6 ಎಂಎಂ ಟ್ಯಾಪ್‌ಗೆ ಗ್ರೀಸ್ ಹಚ್ಚಿ ಕೈಯಲ್ಲೇ ಬಿಟ್ಟೆ, ಮೂಲ ಥ್ರೆಡ್ಡೇ ಉಳೀತು. ಹೊಸ ಸ್ಟಡ್‌ಗೆ ಕಾಪರ್ ಗ್ರೀಸ್, ಮೇಲೆ ಹಿತ್ತಾಳೆ ನಟ್, ಬೆಂಡಿಗೆ ಹೊಸ ರಿಂಗ್. ಸಾಮಾನಿಗೆ 120 ಆಗಿರಬೇಕು. 600 ತಗೊಂಡೆ.

ಮಳೆಗಾಲ ಮುಗಿದ ಮೇಲೆ ಅದೇ ಗಾಡಿ ಸರ್ವಿಸಿಗೆ ಬಂತು. ಲೇತಿನವರನ್ನ ಕರೆದು ನಿಲ್ಲಿಸಿಕೊಂಡು ಆ ನಟ್ ಬಿಚ್ಚಿ ತೋರಿಸಿದೆ. ಹತ್ತರ ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಮಿಕ್ಕಿದ್ದು ಬೆರಳಲ್ಲೇ ಬಂತು.