ಕುರಿಮರಿ ಕಾಯಲು ನಾನು .223 ಆರಿಸಿದ್ದು

ಮೊನ್ನೆ ಜಮಖಂಡಿಯ ಹುಡುಗನೊಬ್ಬ ಫೋನ್ ಮಾಡಿದ್ದ. ಆಸ್ಟ್ರೇಲಿಯಾದ ಕುರಿ ಫಾರ್ಮಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮರಿ ಹಾಕುವ ಕಾಲಕ್ಕೆ ಅಲ್ಲಿ ನರಿಗಳಿಂದ ಮರಿಗಳನ್ನು ಕಾಯಬೇಕು. "ಅಣ್ಣಾ, ರೈಫಲ್ ತಗೊಳ್ಳೋದಾದ್ರ ಗುಂಡಿನ ಸ್ಪೀಡ್ ಜಾಸ್ತಿ ಇದ್ದದ್ದ ತಗೊಳ್ಳೋದು ಚಲೋ ಅಲ್ಲೇನ್ರಿ?" ಅಂತ ಕೇಳಿದ. ನಾನೂ ನ್ಯೂ ಸೌತ್ ವೇಲ್ಸ್‌ನ ಡಬ್ಬೋ ಹತ್ತಿರ ಕುರಿ ಫಾರ್ಮಿನಲ್ಲಿ ದುಡಿದು ಮುಧೋಳಕ್ಕೆ ವಾಪಸ್ ಬಂದವನು. ಅವನಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ತಗೊಂಡಿದ್ದು .223 ರೆಮಿಂಗ್ಟನ್ ಅನ್ನುವ ತೋಟಾದ ರೈಫಲ್. ವೇಗದಲ್ಲಿ ಅದಕ್ಕಿಂತ ಮುಂದಿರುವ ತೋಟಾಗಳು ಬೇಕಾದಷ್ಟಿವೆ. 55 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ತೂಕದ ಗುಂಡು .223ಯಲ್ಲಿ ಸೆಕೆಂಡಿಗೆ ಸುಮಾರು 3240 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ತೂಕದ ಗುಂಡು .22-250 ಅನ್ನುವ ತೋಟಾದಲ್ಲಿ 3680 ಅಡಿ ಮುಟ್ಟುತ್ತದೆ. 1935ರಲ್ಲಿ ಬಂದ .220 ಸ್ವಿಫ್ಟ್ ಆಗಲೇ 48 ಗ್ರೇನ್ ಗುಂಡಿನಲ್ಲಿ 4000 ದಾಟಿತ್ತು. 2004ರ .204 ರೂಗರ್ 32 ಗ್ರೇನ್ ಗುಂಡಿಗೆ 4225 ಅಂತ ಡಬ್ಬಿಯ ಮೇಲೆ ಬರೆದುಕೊಳ್ಳುತ್ತದೆ. ಓದಿದರೆ ಯಾರಿಗಾದರೂ ಆಸೆ ಆಗುತ್ತದೆ. ಆದರೆ ಈ ಅಂಕಿಗಳು ಸಾಮಾನ್ಯವಾಗಿ 24-26 ಇಂಚಿನ ಪರೀಕ್ಷಾ ನಳಿಗೆಯಿಂದ ಬಂದವು. ಗಾಡಿಯಲ್ಲಿ ಇಟ್ಟುಕೊಂಡು ತಿರುಗುವ ಗಿಡ್ಡ ನಳಿಗೆಯಲ್ಲಿ ಅಷ್ಟು ವೇಗ ಸಿಗುವುದಿಲ್ಲ.

ಇನ್ನು ಆ ವೇಗದಿಂದ ನಮಗೆ ಸಿಗುವುದಾದರೂ ಎಷ್ಟು? 200 ಗಜಕ್ಕೆ ಝೀರೋ ಮಾಡಿಕೊಂಡರೆ, ಅಂದರೆ ಆ ದೂರದಲ್ಲಿ ಗುಂಡು ಗುರಿ ಇಟ್ಟಲ್ಲೇ ತಾಗುವಂತೆ ಹೊಂದಿಸಿಕೊಂಡರೆ, 300 ಗಜದಲ್ಲಿ .223ಯ 55 ಗ್ರೇನ್ ಗುಂಡು ಸುಮಾರು 7ರಿಂದ 8 ಇಂಚು ಕೆಳಗೆ ಬೀಳುತ್ತದೆ. .22-250 ಆದರೆ 5ರಿಂದ 6 ಇಂಚು. ಎರಡಿಂಚಿನ ಲಾಭ. ಅದೇ ದೂರದಲ್ಲಿ ಗಂಟೆಗೆ 10 ಮೈಲಿ ಅಡ್ಡಗಾಳಿ ಬೀಸಿದರೆ ಸಾಕು, .223 ಗುಂಡು 8-10 ಇಂಚು ಪಕ್ಕಕ್ಕೆ ಸರಿಯುತ್ತದೆ. .22-250 ಕೂಡ ಸರಿಯುತ್ತದೆ, ಸ್ವಲ್ಪ ಕಡಿಮೆ ಅಷ್ಟೇ. ರಾತ್ರಿ ಲೈಟ್ ಹಿಡಿದು ನರಿ ಹುಡುಕುವಾಗ ನಾನು 300 ಗಜಕ್ಕೆ ಹೊಡೆಯುತ್ತಲೇ ಇರಲಿಲ್ಲ. ಕಣ್ಣು ಹೊಳೆದ ಮಾತ್ರಕ್ಕೆ ಅದು ನರಿ ಅಂತ ಹೇಳಲು ಬರುವುದಿಲ್ಲ. ನಾಯಿ ಇರಬಹುದು, ಕುರಿಮರಿಯೇ ಇರಬಹುದು. ಪ್ರಾಣಿ ಪೂರ್ತಿ ಕಾಣಬೇಕು, ಹಿಂದೆ ಮಣ್ಣಿನ ದಿಬ್ಬ ಇರಬೇಕು. ಹಾಗೆ ಖಾತ್ರಿ ಆಗುವುದು 150 ಗಜದ ಒಳಗೆ. ಅಷ್ಟು ದೂರಕ್ಕೆ .223 ಬೇಕಾದ್ದಕ್ಕಿಂತ ಜಾಸ್ತಿಯೇ.

ನನ್ನ ಲೆಕ್ಕದಲ್ಲಿ ವೇಗಕ್ಕಿಂತ ಮೊದಲು ನೋಡಬೇಕಾದ್ದು ಅಂಗಡಿಯ ಕಪಾಟು. ನಾನು ಮನೆಯಲ್ಲಿ ಮದ್ದು ತುಂಬುವವನಲ್ಲ, ಕಂಪನಿ ತೋಟಾ ನಂಬಿಕೊಂಡವನು. ರೈಫಲ್ ನೋಡುವ ಮೊದಲೇ ಆ ಕಡೆಯ ಸಣ್ಣ ಊರುಗಳ ಅಂಗಡಿಗಳಿಗೆ ಹೋಗಿ ಏನೇನು ಇಟ್ಟಿದ್ದಾರೆ ಅಂತ ನೋಡಿ ಬಂದೆ. .223 ಎಲ್ಲ ಕಡೆ ಇತ್ತು. 50, 53, 55, 62 ಗ್ರೇನ್, ಬಿಚ್ಚಿಕೊಳ್ಳುವ ಗುಂಡು, ಗಟ್ಟಿ ಗುಂಡು, ಅಗ್ಗದ್ದು, ತುಟ್ಟಿದು, ಎಲ್ಲ ಬಗೆ. .22-250 ಇತ್ತು, ಆದರೆ ಬಗೆ ಕಡಿಮೆ, ರೇಟು ಜಾಸ್ತಿ. .204 ಬೇಕಾದರೆ ಕೆಲವು ಕಡೆ ಹೇಳಿ ತರಿಸಬೇಕಿತ್ತು. ಸ್ವಿಫ್ಟ್ ಕಣ್ಣಿಗೇ ಬೀಳಲಿಲ್ಲ. ಮರಿ ಹಾಕುವ ತಿಂಗಳಲ್ಲಿ ತೋಟಾ ಮುಗಿದು, ಆರ್ಡರ್ ಬರಲಿ ಅಂತ ಕಾಯುತ್ತ ಕೂತರೆ ನರಿ ಕಾಯುತ್ತದೆಯೇ?

ಎರಡನೆಯ ಕಾರಣ ನಳಿಗೆ. .223, .22-250 ಎರಡರ ಗುಂಡೂ 5.7 ಮಿಲಿಮೀಟರ್ ದಪ್ಪದ್ದೇ. .223ಯಲ್ಲಿ ಸುಮಾರು 25 ಗ್ರೇನ್ ಮದ್ದು ಉರಿದರೆ .22-250ಯಲ್ಲಿ 35ರ ಹತ್ತಿರ ಉರಿಯುತ್ತದೆ. ತೂತು ಅಷ್ಟೇ ಸಣ್ಣದು, ಬೆಂಕಿ ಜಾಸ್ತಿ. ನಳಿಗೆ ಬೇಗ ಕಾಯುತ್ತದೆ, ಗುಂಡು ಕೂರುವ ಜಾಗದ ಮುಂದಿನ ಗೀರುಗಳು ಬೇಗ ಸವೆಯುತ್ತವೆ. ಒಂದೇ ರೈಫಲ್ ಇಟ್ಟುಕೊಂಡು ವರ್ಷಗಟ್ಟಲೆ ಬಳಸುವ ನನ್ನಂಥವನಿಗೆ ಇದು ದೊಡ್ಡ ಮಾತು.

ತೋಟಾ ಆರಿಸಿದ ಮೇಲೆ ನಳಿಗೆಯ ಟ್ವಿಸ್ಟ್ ನೋಡಲೇಬೇಕು. ಗುಂಡು ಒಂದು ಪೂರ್ತಿ ಸುತ್ತು ತಿರುಗಲು ಎಷ್ಟು ಇಂಚು ಹಿಡಿಯುತ್ತದೆ ಅನ್ನುವ ಅಳತೆ ಅದು. ಹಳೆಯ .223 ರೈಫಲ್‌ಗಳಲ್ಲಿ 12 ಇಂಚಿಗೊಂದು ಸುತ್ತು ಇರುತ್ತದೆ. ಅದು 55 ಗ್ರೇನಿನವರೆಗೆ ಸೊಗಸು. 75 ಗ್ರೇನಿನ ಉದ್ದ ಗುಂಡು ಹಾಕಿದರೆ ಓಲಾಡುತ್ತ ಹೋಗಿ ಕಾಗದದ ಮೇಲೆ ಅಡ್ಡ ತೂತು ಬೀಳಿಸುತ್ತದೆ. ನಾನು 9 ಇಂಚಿನದ್ದು ತಗೊಂಡೆ. ಹಗುರದ್ದೂ ನಡೆಯುತ್ತದೆ, ಸ್ವಲ್ಪ ಭಾರದ್ದೂ ನಡೆಯುತ್ತದೆ.

ಆಮೇಲಿನದು ನನಗೆ ಬಹಳ ಇಷ್ಟದ ಕೆಲಸ. ಬೇರೆ ಬೇರೆ ಕಂಪನಿಯ ಡಬ್ಬಿಗಳನ್ನು ಒಂದೊಂದೇ ತಂದೆ. ಗಾಳಿ ಇಲ್ಲದ ಬೆಳಿಗ್ಗೆ, ಮರಳು ಚೀಲದ ಮೇಲೆ ರೈಫಲ್ ಇಟ್ಟು, 100 ಮೀಟರ್ ದೂರದ ಕಾಗದಕ್ಕೆ ಪ್ರತಿ ಡಬ್ಬಿಯಿಂದ ಐದೈದು ಗುಂಡು. ನಡುವೆ ಬೋಲ್ಟ್ ತೆಗೆದು, ನಳಿಗೆ ಕೈಗೆ ತಣ್ಣಗೆ ಹತ್ತುವವರೆಗೆ ಸುಮ್ನೆ ಕೂರುವುದು. ಕಾಗದದ ಮೇಲೆ ಕಂಪನಿ ಹೆಸರು, ತೂಕ, ಡಬ್ಬಿಯ ಲಾಟ್ ನಂಬರ್ (ಒಂದೇ ಸಲ ತಯಾರಾದ ತೋಟಾಗಳ ಗುರುತು) ಬರೆದುಕೊಳ್ಳುತ್ತಿದ್ದೆ. ತೂಕ, ವೇಗ ಎರಡೂ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಡಬ್ಬಿಯ ಐದು ತೂತುಗಳು ಅಂಗೈ ಅಗಲ ಚೆದುರಿದವು. ಹಾರ್ನಡಿ ಕಂಪನಿಯ 53 ಗ್ರೇನ್ ವಿ-ಮ್ಯಾಕ್ಸ್‌ನವು ಒಂದು ರೂಪಾಯಿ ನಾಣ್ಯದ ಕೆಳಗೆ ಮುಚ್ಚಿಹೋದವು. ತುದಿಗೆ ಕೆಂಪು ಪ್ಲಾಸ್ಟಿಕ್ ಇರುವ ಗುಂಡು ಅದು. ತಾಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ, ನರಿ ನರಳದೆ ಬೀಳುತ್ತದೆ. ಗಾಯಗೊಂಡ ಪ್ರಾಣಿ ಪೊದೆಗೆ ನುಗ್ಗಿ ರಾತ್ರಿಯಿಡೀ ಒದ್ದಾಡುವುದು ನನಗೆ ಆಗದ ಮಾತು. ನಿಖರತೆಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೂ ಅದಕ್ಕೇ. ಇದೇ ಗುಂಡು ಬೇರೆಯವರ ರೈಫಲ್‌ನಲ್ಲಿ ಚೆದುರಬಹುದು, ಅವರವರ ನಳಿಗೆಯನ್ನು ಅವರವರೇ ಕೇಳಬೇಕು.

ಕಾಡುಹಂದಿಗೆ ಈ ಗುಂಡು ಬೇಡ. ಅದಕ್ಕೆ .243 ವಿಂಚೆಸ್ಟರ್, 100 ಗ್ರೇನ್ ಗುಂಡು ಸರಿ. ಮೊಲಕ್ಕೆ ಸಣ್ಣ ತೋಟಾ .17 ಎಚ್‌ಎಂಆರ್ ಸಾಕು. ಇನ್ನೊಂದು, ಡಬ್ಬಿಯ ಮೇಲೆ 5.56 (ಸೈನ್ಯದ ತೋಟಾ) ಅಂತ ಇದ್ದರೆ .223 ಅಂತ ಗುರುತಿರುವ ರೈಫಲ್‌ಗೆ ಹಾಕಬಾರದು. ನೋಡಲು ಒಂದೇ ಥರ ಇದ್ದರೂ ಒತ್ತಡ ಮಿತಿ ಮೀರಬಹುದು.

ಊರಲ್ಲಿ ಕುರಿ ಕಾಯುವ ಕಾಕಾ ಇದನ್ನೆಲ್ಲ ಕೇಳಿ, "ತಮ್ಮಾ, ಹಂಗಾದ್ರ ನಮ್ಮ ತೋಳಕ್ಕೂ ಒಂದು ತರಬೇಕಿತ್ತಲ್ಲೋ" ಅಂದರು. ಅವರ ನೋವು ನನಗೆ ಗೊತ್ತು, ಹಟ್ಟಿಯಿಂದ ಮರಿ ಹೋದವರು ಅವರು. ಆದರೂ ಕೂತು ಬಿಡಿಸಿ ಹೇಳಿದೆ. ಆಸ್ಟ್ರೇಲಿಯಾದ ಕೆಂಪು ನರಿ ಅಲ್ಲಿನದಲ್ಲ ಕಾಕಾ, ಬೇಟೆಯ ಮೋಜಿಗೆ ಬಿಳಿಯರು 1800ರ ನಂತರ ಹಡಗಿನಲ್ಲಿ ತಂದು ಬಿಟ್ಟಿದ್ದು. ಅಲ್ಲಿನ ಸಣ್ಣ ಪ್ರಾಣಿಗಳನ್ನು ತಿಂದು ಹಾಕುತ್ತಿದೆ, ಅದಕ್ಕೆ ಅಲ್ಲಿ ಹೊಡೆಯಲು ಬಿಡುತ್ತಾರೆ. ನಮ್ಮ ತೋಳ, ನಮ್ಮ ಗುಳ್ಳೆನರಿ, ಯಡಹಳ್ಳಿ ಧಾಮದ ಚಿಂಕಾರ, ಇವೆಲ್ಲ ಈ ನೆಲದವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವಕ್ಕೆ ರಕ್ಷಣೆ ಕೊಟ್ಟಿದೆ, ಕೊಡಬೇಕಾದ್ದೇ. ಇಲ್ಲಿ ಕುರಿ ಉಳಿಸಲು ಗಟ್ಟಿ ಹಟ್ಟಿ, ಒಳ್ಳೆಯ ನಾಯಿ, ಹೋದ ಮರಿಗೆ ಅರಣ್ಯ ಇಲಾಖೆಯಲ್ಲಿ ಅರ್ಜಿ. ಬಂದೂಕಿನ ಮಾತು ಇಲ್ಲಿಲ್ಲ.

ಜಮಖಂಡಿಯ ಹುಡುಗ ಈಗ ಪರ್ಮಿಟ್‌ಗೆ ಹಾಕಿದ್ದಾನೆ. ಅಲ್ಲಿ ಮೊದಲ ಬಂದೂಕಿಗೆ 28 ದಿನ ಕಾಯಬೇಕು. ಅಷ್ಟರಲ್ಲಿ ಅಂಗಡಿಗಳ ಕಪಾಟು ನೋಡಿಕೊಂಡು ಬಾ ಅಂತ ಹೇಳಿದ್ದೇನೆ. ನಿನ್ನ ರೈಫಲ್ ಮೆಚ್ಚುವ ಡಬ್ಬಿ ಸಿಕ್ಕಿದರೆ, ಅದೇ ಲಾಟ್ ನಂಬರಿನವು ಇಡೀ ಹಂಗಾಮಿಗೆ ಆಗುವಷ್ಟು ಒಮ್ಮೆಲೇ ತಗೊ. ಬಂದೂಕು ಒಂದು ಪೆಟ್ಟಿಗೆಯಲ್ಲಿ, ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ.