ಹಳೆಯ ಶೇರ್‌ವೇರ್ ಆಟ: ಕೈಯಲ್ಲಿರುವುದು ಬಿಟ್ಟಿ ಭಾಗವೋ, ದುಡ್ಡು ಕೊಟ್ಟ ಪೂರ್ತಿ ಪ್ರತಿಯೋ ಗುರುತಿಸುವ ಬಗೆ

ಆಟವನ್ನು ಅಥವಾ ಅದರ ಒಂದು ಭಾಗವನ್ನು ಬಿಟ್ಟಿ ಹಂಚಿ, ಇಷ್ಟವಾದರೆ ದುಡ್ಡು ಕಳಿಸಿ ಎನ್ನುತ್ತಿದ್ದ ಶೇರ್‌ವೇರ್ ಆಟಗಳಿಗೆ ಜನ ನಿಜಕ್ಕೂ ದುಡ್ಡು ಕಟ್ಟಿ ನೋಂದಣಿ ಮಾಡಿಸುತ್ತಿದ್ದರೇ? ಮಾಡಿಸುತ್ತಿದ್ದರು, ಆದರೆ ಬಹಳ ಕಡಿಮೆ ಮಂದಿ. ಡೂಮ್ ಎಂಬ ಆಟದ ಉಚಿತ ಭಾಗ ಇಳಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಷ್ಟೇ ಪೂರ್ತಿ ಆಟ ಕೊಂಡರು ಎಂಬುದು ಅದನ್ನು ತಯಾರಿಸಿದ ಐಡಿ ಸಾಫ್ಟ್‌ವೇರ್‌ನವರದೇ ಅಂದಾಜು. ಅಷ್ಟರಿಂದಲೇ ಆ ಕಂಪನಿ ಶ್ರೀಮಂತವಾಯಿತು. ಅಟ್ಟದ ಮೇಲಿನ ಫ್ಲಾಪಿ ಡಬ್ಬಿ ಕೆಳಗಿಳಿದಾಗ ಅದರೊಳಗಿರುವುದು ಆ ತೊಂಬತ್ತೊಂಬತ್ತು ಜನರ ಪ್ರತಿಯೋ, ದುಡ್ಡು ಕಟ್ಟಿದ ಒಬ್ಬರ ಪ್ರತಿಯೋ ಎಂದು ಆಟವನ್ನು ಶುರು ಮಾಡದೆಯೇ ಪತ್ತೆ ಹಚ್ಚಬಹುದು. ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಪರದೆಯ ಮೇಲೆ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ.

ಫ್ಲಾಪಿಯಿಂದ ಹೊರತೆಗೆಯುವುದು

ಮೂರೂವರೆ ಇಂಚಿನ ಫ್ಲಾಪಿಯಾದರೆ ಮೂಲೆಯ ಪ್ಲಾಸ್ಟಿಕ್ ಗುಂಡಿಯನ್ನು ಸರಿಸಿ ಕಿಂಡಿ ತೆರೆಯಿರಿ. ಕಿಂಡಿ ತೆರೆದಿದ್ದರೆ ಬರೆಯಲಾಗದು, ಓದಬಹುದು ಎಂದರ್ಥ. ಆಮೇಲೆ ಲೋಹದ ಮುಚ್ಚಳ ಸರಿಸಿ ಒಳಗಿನ ಕಂದು ಹಾಳೆ ನೋಡಿ. ಕರಾವಳಿ, ಮಲೆನಾಡಿನ ಮಳೆಗಾಲಗಳನ್ನು ಕಂಡ ಫ್ಲಾಪಿಗಳಲ್ಲಿ ಬಿಳಿ ಚುಕ್ಕೆಯ ಬೂಷ್ಟು ಕಟ್ಟಿರುತ್ತದೆ. ಅಂಥದ್ದನ್ನು ಹಾಗೇ ಡ್ರೈವ್‌ಗೆ ತೂರಿಸಬೇಡಿ. ಬೂಷ್ಟು ಓದುವ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀಚುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಹಗುರವಾಗಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಯುಎಸ್‌ಬಿ ಫ್ಲಾಪಿ ಡ್ರೈವ್ ಇದ್ದರೆ ಒಂದೊಂದೇ ಫೈಲ್ ನಕಲು ಮಾಡುವ ಬದಲು ಇಡೀ ಫ್ಲಾಪಿಯ ಇಮೇಜ್ (ಫ್ಲಾಪಿಯಲ್ಲಿರುವುದೆಲ್ಲ ಇದ್ದಂತೆಯೇ ಸೇರಿದ ಒಂದೇ ಫೈಲ್) ತೆಗೆಯಿರಿ. 1.44 ಎಂಬಿ ಫ್ಲಾಪಿಯ ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು (80 ಟ್ರ್ಯಾಕ್, 2 ಬದಿ, 18 ಸೆಕ್ಟರ್, ತಲಾ 512 ಬೈಟ್). ಕಡಿಮೆ ಬಂದರೆ ಓದು ನಡುವೆಯೇ ನಿಂತಿದೆ. ಐದೂಕಾಲು ಇಂಚಿನ ಫ್ಲಾಪಿಗಳಿಗೆ ಈ ಯುಎಸ್‌ಬಿ ಡ್ರೈವ್ ಪ್ರಯೋಜನವಿಲ್ಲ. ಹಳೆಯ ಡ್ರೈವ್ ಜೊತೆಗೆ, ಅದನ್ನು ಯುಎಸ್‌ಬಿಗೆ ಜೋಡಿಸುವ ಗ್ರೀಸ್‌ವೀಝಲ್‌ನಂಥ ಬೋರ್ಡ್ ಬೇಕು. ಇಮೇಜನ್ನು 7-ಜಿಪ್‌ನಲ್ಲಿ ತೆರೆದು ಫೈಲ್‌ಗಳನ್ನು ಒಂದು ಫೋಲ್ಡರ್‌ಗೆ ಎಳೆದುಕೊಳ್ಳಿ. ಫೋಲ್ಡರ್ ಹೆಸರು ಎಂಟು ಅಕ್ಷರ ಮೀರದಿರಲಿ, ನಡುವೆ ಜಾಗ ಬಿಡಬೇಡಿ.

ಬಾಲ ನೋಡಿ ಜಾತಿ ಹೇಳುವುದು

ನಿರ್ಧಾರವಾಗುವುದು ಇಲ್ಲಿಯೇ. ಟೆಕ್ಸಸ್‌ನ ಗಾರ್ಲೆಂಡ್‌ನಲ್ಲಿದ್ದ ಅಪೋಜಿ ಕಂಪನಿ ಮತ್ತು ಅದರ ಜೊತೆ ಬೆಳೆದವರು ಒಂದು ಆಟವನ್ನು ಕಂತುಗಳಾಗಿ ಕತ್ತರಿಸಿ, ಮೊದಲ ಕಂತು ಬಿಟ್ಟಿ, ಉಳಿದವು ದುಡ್ಡಿಗೆ ಎಂದು ಹಂಚುತ್ತಿದ್ದರು. ಯಾವ ಕಂತಿನ ಫೈಲ್ ಎಂಬುದು ಹೆಸರಿನ ಕೊನೆಯ ಮೂರು ಅಕ್ಷರಗಳಲ್ಲೇ ಇರುತ್ತದೆ.

ಕಮಾಂಡರ್ ಕೀನ್‌ನ ಮೊದಲ ಸರಣಿಯಲ್ಲಿ ಸಿಕೆ1 ಎಂದು ಮುಗಿಯುವ ಫೈಲ್‌ಗಳಷ್ಟೇ ಇದ್ದರೆ ಅದು ಉಚಿತ ಕಂತು. ಸಿಕೆ2, ಸಿಕೆ3 ಕೂಡ ಇದ್ದರೆ ಯಾರೋ ದುಡ್ಡು ಕಟ್ಟಿದ್ದಾರೆ, ಇಲ್ಲವೇ ಕಟ್ಟಿದವರಿಂದ ನಕಲು ಮಾಡಿಕೊಂಡಿದ್ದಾರೆ. 1991ರ ಡ್ಯೂಕ್ ನ್ಯೂಕಮ್‌ನಲ್ಲೂ ಇದೇ ಲೆಕ್ಕ: ಡಿಎನ್1 ಉಚಿತ, ಡಿಎನ್2 ಮತ್ತು ಡಿಎನ್3 ನೋಂದಣಿಯವರಿಗೆ. ವುಲ್ಫೆನ್‌ಸ್ಟೈನ್ 3ಡಿಯಲ್ಲಿ ಡಬ್ಲ್ಯುಎಲ್1 ಉಚಿತ ಕಂತು, ಡಬ್ಲ್ಯುಎಲ್3 ಮೂರು ಕಂತಿನ ಪ್ರತಿ, ಡಬ್ಲ್ಯುಎಲ್6 ಆರೂ ಕಂತಿನದು. ಬ್ಲೇಕ್ ಸ್ಟೋನ್‌ನಲ್ಲಿ ಬಿಎಸ್1 ಮತ್ತು ಬಿಎಸ್6. ರೈಸ್ ಆಫ್ ದಿ ಟ್ರಯಡ್‌ನಲ್ಲಿ ಹಂಟ್‌ಬಿಗಿನ್ ಹೆಸರಿನ ವ್ಯಾಡ್ ಫೈಲ್ (ಆಟದ ನಕ್ಷೆ, ಚಿತ್ರ, ಸದ್ದು ತುಂಬಿದ ಫೈಲ್) ಕಂಡರೆ ಶೇರ್‌ವೇರ್, ಡಾರ್ಕ್‌ವಾರ್ ಕಂಡರೆ ಪೂರ್ತಿ.

ಡಬ್ಲ್ಯುಎಲ್1 ಫೈಲ್‌ಗಳ ಹೆಸರನ್ನು ಡಬ್ಲ್ಯುಎಲ್6 ಎಂದು ಬದಲಿಸಿದರೆ ಪೂರ್ತಿ ಆಟ ತೆರೆಯುವುದಿಲ್ಲ. ಎರಡರಿಂದ ಆರನೆಯ ಕಂತಿನ ನಕ್ಷೆಗಳು ಆ ಫೈಲ್‌ಗಳಲ್ಲಿ ಇಲ್ಲವೇ ಇಲ್ಲ. ಆಟವನ್ನು ಓಡಿಸುವ ಶೇರ್‌ವೇರ್‌ನ ಇಎಕ್ಸ್‌ಇ ಫೈಲ್ ಕೂಡ ಡಬ್ಲ್ಯುಎಲ್1 ಬಿಟ್ಟು ಬೇರೇನನ್ನೂ ಹುಡುಕದಂತೆ ಕಟ್ಟಲಾಗಿದೆ. ಬೀಗ ಹಾಕಿದ ಬೀರುವನ್ನು ಒಡೆಯಬಹುದು, ಮನೆಗೇ ಬಾರದ ಬೀರುವನ್ನು ಒಡೆಯಲು ಆಗುವುದಿಲ್ಲ. ಕಂತಿನ ಪದ್ಧತಿಯ ಜಾಣತನವೆಲ್ಲ ಇಷ್ಟರಲ್ಲೇ ಇದೆ.

ಡೂಮ್‌ಗೆ ಹೆಸರಿನ ಜೊತೆ ಗಾತ್ರವನ್ನೂ ನೋಡಬೇಕು. ಉಚಿತ ಪ್ರತಿಯಲ್ಲಿ ಡೂಮ್1 ವ್ಯಾಡ್ ಇರುತ್ತದೆ, 1.9ನೇ ಆವೃತ್ತಿಯಲ್ಲಿ ಅದರ ಗಾತ್ರ 41,96,020 ಬೈಟ್. ನೋಂದಾಯಿತ ಪ್ರತಿಯ ಡೂಮ್ ವ್ಯಾಡ್ 1,11,59,840 ಬೈಟ್. ಆಮೇಲೆ ಅಂಗಡಿಗೆ ಬಂದ ಅಲ್ಟಿಮೇಟ್ ಡೂಮ್‌ನದು 1,24,08,292. ಉಚಿತ ಪ್ರತಿಗೆ ಹೊರಗಿನ ನಕ್ಷೆ ಸೇರಿಸಲು ಹೋದರೆ ಆಟ ಅಲ್ಲೇ ನಿಂತು, ಶೇರ್‌ವೇರ್‌ನಲ್ಲಿ ಇದಾಗದು, ನೋಂದಣಿ ಮಾಡಿ ಎನ್ನುತ್ತದೆ. ಡೂಮ್1 ಹೆಸರನ್ನು ಡೂಮ್ ಎಂದು ಬದಲಿಸಿ ಸೇರಿಸಿದರೆ, ಎರಡು ಮತ್ತು ಮೂರನೆಯ ಕಂತಿನ ಗುರುತುಗಳನ್ನು ಹುಡುಕಿ, ಸಿಗದೆ, ಇದು ನೋಂದಾಯಿತ ಪ್ರತಿಯಲ್ಲ ಎಂದು ಹೇಳುತ್ತದೆ.

ಡ್ಯೂಕ್ ನ್ಯೂಕಮ್ 3ಡಿಯಲ್ಲಿ ಹೆಸರು ಯಾವ ಸುಳಿವನ್ನೂ ಕೊಡುವುದಿಲ್ಲ, ಎಲ್ಲದರಲ್ಲೂ ಅದೇ ಡ್ಯೂಕ್3ಡಿ ಜಿಆರ್‌ಪಿ ಫೈಲ್. 1.3ಡಿ ಆವೃತ್ತಿಯ ಶೇರ್‌ವೇರ್ 1,10,35,779 ಬೈಟ್, ಪೂರ್ತಿಯದು 2,65,24,524, ಆಟಾಮಿಕ್ ಆವೃತ್ತಿ 4,43,56,548. ಕ್ವೇಕ್‌ನಲ್ಲಿ ಪ್ಯಾಕ್0 ಮಾತ್ರ ಇದ್ದರೆ ಉಚಿತ, ಪ್ಯಾಕ್1 ಕೂಡ ಇದ್ದರೆ ಪೂರ್ತಿ. ಆಟದೊಳಗೆ ಕನ್ಸೋಲ್ ತೆರೆದು ಮೇಲಕ್ಕೆ ಸರಿಸಿದರೆ, ಶೇರ್‌ವೇರ್ ಓಡುತ್ತಿದೆಯೋ ನೋಂದಾಯಿತ ಆವೃತ್ತಿ ಓಡುತ್ತಿದೆಯೋ ಎಂದು ಅದೇ ಬರೆದಿರುತ್ತದೆ.

ಪೂರ್ತಿ ಪ್ರತಿ ಸಿಕ್ಕ ಮಾತ್ರಕ್ಕೆ ಯಾರೋ ದುಡ್ಡು ಕಟ್ಟಿದ್ದರು ಎಂದು ತೀರ್ಮಾನಿಸಬೇಡಿ. ಎನ್‌ಎಫ್‌ಒ ಎಂದು ಮುಗಿಯುವ ಫೈಲ್ ಇದ್ದು, ಅದರೊಳಗೆ ಅಕ್ಷರಗಳಿಂದಲೇ ಬಿಡಿಸಿದ ದೊಡ್ಡ ಚಿತ್ರ ಮತ್ತು ತಂಡದ ಹೆಸರು ಕಂಡರೆ ಅದು ಕದ್ದು ಹಂಚಿದ ಪ್ರತಿ. ಅಸಲಿ ನೋಂದಣಿಯ ಗುರುತುಗಳೆಂದರೆ ಕಂಪನಿಯೇ ಅಚ್ಚು ಹಾಕಿಸಿದ ಲೇಬಲ್, ಜೊತೆಗೆ ಬಂದ ಸುಳಿವಿನ ಹಾಳೆ, ಚೀಟ್ ಕೋಡ್‌ಗಳ ಕಾಗದ. ಲೇಬಲ್ ಹಾಳಾಗಿದ್ದರೂ ಅದನ್ನು ಕೀಳಬೇಡಿ. ಪ್ರತಿಯ ಮೂಲ ಹೇಳುವ ಸಾಕ್ಷಿ ಕೆಲವೊಮ್ಮೆ ಅದೊಂದೇ.

ಆರ್ಡರ್ ಫಾರ್ಮ್ ಓದುವುದು

ಫೋಲ್ಡರ್‌ನಲ್ಲಿ ಆರ್ಡರ್, ವೆಂಡರ್, ರೀಡ್‌ಮಿ, ಕ್ಯಾಟಲಾಗ್ ಎಂಬ ಹೆಸರುಗಳಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಗೆರೆ, ಚೌಕಗಳ ಬದಲು ವಿಚಿತ್ರ ಅಕ್ಷರ ಕಂಡರೆ ಫೈಲ್ ಕೆಟ್ಟಿಲ್ಲ. ಅದು ವಿಂಡೋಸ್‌ಗೂ ಹಿಂದಿನ ಡಾಸ್‌ನ 437ನೇ ಕೋಡ್‌ಪೇಜ್ ಎಂಬ ಅಕ್ಷರಪಟ್ಟಿಯಲ್ಲಿದೆ, ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಂಥ ಎಡಿಟರ್‌ನಲ್ಲಿ ಆ ಎನ್‌ಕೋಡಿಂಗ್ ಆರಿಸಿದರೆ ಸರಿಹೋಗುತ್ತದೆ. ವೆಂಡರ್ ಫೈಲ್ ಫ್ಲಾಪಿ ಮಾರುವವರಿಗೆ ಬರೆದದ್ದು: ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ, ತಿದ್ದದೆ ಹಂಚಬೇಕು ಎಂಬ ಷರತ್ತು ಅದರಲ್ಲಿರುತ್ತದೆ. ಸಾವಿರಾರು ಆಟ ತುಂಬಿದ ಸಿ.ಡಿ.ಗಳಲ್ಲಿ ಆರ್ಡರ್ ಫಾರ್ಮೇ ಕಾಣೆಯಾಗಿದ್ದರೆ ಆ ಷರತ್ತು ಮುರಿದಿದೆ. ಫಾರ್ಮ್ ಇಲ್ಲದ ಪ್ರತಿಯಿಂದ ಲೇಖಕನಿಗೆ ಒಂದು ಪೈಸೆಯೂ ಹೋಗುವ ದಾರಿ ಇರಲಿಲ್ಲ.

ಫಾರ್ಮ್ ಅನ್ನು ಪ್ರಿಂಟರ್‌ನಲ್ಲಿ ಮುದ್ರಿಸಿ ಕೈಯಲ್ಲಿ ತುಂಬಬೇಕಿತ್ತು. ಹೆಸರು, ವಿಳಾಸ, ಯಾವ ಕಂತುಗಳು, ಫ್ಲಾಪಿ ಮೂರೂವರೆಯದೋ ಐದೂಕಾಲಿನದೋ, ಅಂಚೆ ಖರ್ಚು, ಟೆಕ್ಸಸ್‌ನವರಾದರೆ ಮಾರಾಟ ತೆರಿಗೆ, ಕ್ರೆಡಿಟ್ ಕಾರ್ಡ್ ನಂಬರ್. ಚೆಕ್ ಕಳಿಸುವವರಿಗೆ ಹಣ ಅಮೆರಿಕದ ಬ್ಯಾಂಕಿನ ಮೇಲೆ ಡಾಲರಿನಲ್ಲೇ ಇರಬೇಕೆಂಬ ಸೂಚನೆ ಸಾಮಾನ್ಯವಾಗಿತ್ತು.

ಬೆಂಗಳೂರಿನಲ್ಲಿ ಫ್ಲಾಪಿಯ ಮೇಲೆ ಆಟ ಆಡಿದವನೊಬ್ಬ ದುಡ್ಡು ಕಟ್ಟಲು ಮನಸ್ಸು ಮಾಡಿದರೂ ಈ ಸೂಚನೆಯ ಮುಂದೆ ನಿಂತುಬಿಡುತ್ತಿದ್ದ. ಡೂಮ್‌ನ ಬೆಲೆ 40 ಡಾಲರ್. 1993ರಲ್ಲಿ ಡಾಲರಿಗೆ ಸುಮಾರು 31 ರೂಪಾಯಿ, ಅಂದರೆ ಸಾವಿರದ ಇನ್ನೂರೈವತ್ತರ ಹತ್ತಿರ. ವಿದೇಶಿ ವಿನಿಮಯ 1973ರ ಫೆರಾ ಕಾಯ್ದೆಯ ಹಿಡಿತದಲ್ಲಿತ್ತು. ಆಗಿನ ಹಲವು ಕ್ರೆಡಿಟ್ ಕಾರ್ಡ್‌ಗಳ ಮೇಲೆ ಭಾರತ ಮತ್ತು ನೇಪಾಳದಲ್ಲಷ್ಟೇ ಚಲಾವಣೆ ಎಂದು ಅಚ್ಚಾಗಿರುತ್ತಿತ್ತು. ಹಾಗಾಗಿ ನಮ್ಮ ಕಡೆಯ ಡಬ್ಬಿಗಳಲ್ಲಿ ಅಸಲಿ ನೋಂದಾಯಿತ ಪ್ರತಿ ಸಿಕ್ಕರೆ ಅದು ಅಪರೂಪದ್ದು, ಜೋಪಾನ ಮಾಡಿ.

ಯಾವುದಕ್ಕೆ ಕಟ್ಟಿದರು, ಯಾವುದಕ್ಕೆ ಕಟ್ಟಲಿಲ್ಲ

ಇಷ್ಟವಾದರೆ ದುಡ್ಡು ಕಳಿಸಿ ಎಂದು ಪೂರ್ತಿ ಆಟವನ್ನೇ ಕೊಟ್ಟವರಿಗೆ ಹೆಚ್ಚೇನೂ ಬರಲಿಲ್ಲ. ಅಪೋಜಿಯ ಸ್ಕಾಟ್ ಮಿಲ್ಲರ್ ಮೊದಲು ಅದನ್ನೇ ಮಾಡಿ ನೋಡಿ, 1987ರ ಕ್ರಾಜ್‌ನಿಂದ ಕಂತಿನ ದಾರಿ ಹಿಡಿದರು. 1990ರ ಡಿಸೆಂಬರ್ 14ರಂದು ಬಂದ ಕಮಾಂಡರ್ ಕೀನ್‌ನಿಂದ ಆ ದಾರಿ ಗಟ್ಟಿಯಾಯಿತು. 1992ರ ಮೇ 5ರ ವುಲ್ಫೆನ್‌ಸ್ಟೈನ್‌ನಿಂದ ಐಡಿ ಸಾಫ್ಟ್‌ವೇರ್‌ಗೆ ಬಂದ ಮೊದಲ ರಾಯಲ್ಟಿ ಚೆಕ್ಕೇ ಒಂದು ಲಕ್ಷ ಡಾಲರ್. ಜನ ಕೊಟ್ಟಿದ್ದು ಕೃತಜ್ಞತೆಯ ಕಾಣಿಕೆಯಲ್ಲ, ಮುಂದಿನ ಕಂತಿನ ಬೆಲೆ. ಆಟಗಾರರು ಅಪ್ರಾಮಾಣಿಕರು ಎಂದು ಇದರಿಂದ ಹೇಳುವುದು ತಪ್ಪು. ಫಾರ್ಮ್ ಮುದ್ರಿಸಿ, ಚೆಕ್ ಬರೆದು, ಅಂಚೆಗೆ ಹಾಕಿ ವಾರಗಟ್ಟಲೆ ಕಾಯುವ ಕೆಲಸಕ್ಕೆ ಕೊನೆಯಲ್ಲಿ ಕೈಗೆ ಏನಾದರೂ ಬರಬೇಕಿತ್ತು. ಆಟದ ಹೊರಗೂ ಇದೇ ಅನುಭವ. ಪಿಸಿ-ರೈಟ್ ಎಂಬ ವರ್ಡ್ ಪ್ರೊಸೆಸರ್‌ನ ಬಾಬ್ ವ್ಯಾಲೇಸ್ 75 ಡಾಲರ್ ಕಟ್ಟಿದವರಿಗೆ ಒಂದು ಕ್ರಮಸಂಖ್ಯೆ ಕೊಟ್ಟು, ಅವರ ನಕಲಿನಿಂದ ಇನ್ನೊಬ್ಬರು ನೋಂದಾಯಿಸಿದರೆ 25 ಡಾಲರ್ ಕಮಿಷನ್ ಕೊಡುತ್ತಿದ್ದರು.

ಓಡಿಸುವುದು

ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ಈ ಆಟಗಳು ನೇರವಾಗಿ ತೆರೆಯುವುದಿಲ್ಲ, ಇನ್‌ಸ್ಟಾಲರ್ ಕೂಡ. ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿಕೊಂಡು, ಆಟದ ಫೋಲ್ಡರನ್ನು ಡಾಸ್‌ಬಾಕ್ಸ್‌ನ ಐಕಾನ್ ಮೇಲೆ ಎಳೆದು ಬಿಡಿ. ಅದೇ ಸಿ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಮೊದಲು ಸೆಟಪ್ ಓಡಿಸಿ ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡ್ ಆರಿಸಿ: ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1. ಹಳೆಯ ಕೈಪಿಡಿ ನೋಡಿ ಐಆರ್‌ಕ್ಯೂ 5 ಕೊಟ್ಟರೆ ಸಂಗೀತ ಕೇಳಿಸಿ ಗುಂಡಿನ ಸದ್ದು ಮಾತ್ರ ಬಾರದೆ ಹೋಗಬಹುದು, ಏಕೆಂದರೆ ಡಾಸ್‌ಬಾಕ್ಸ್ ತಾನಾಗಿ ಇಟ್ಟುಕೊಳ್ಳುವುದು 7.

ವೇಗ ಹೆಚ್ಚಿಸಲು ಕಂಟ್ರೋಲ್ ಮತ್ತು ಎಫ್12, ತಗ್ಗಿಸಲು ಕಂಟ್ರೋಲ್ ಮತ್ತು ಎಫ್11. ಡಾಸ್‌ಬಾಕ್ಸ್ ಈ ವೇಗವನ್ನು ಸೈಕಲ್‌ಗಳಲ್ಲಿ ಅಳೆಯುತ್ತದೆ: ಕೀನ್‌ಗೆ 3,000 ಸೈಕಲ್ ಸಾಕು, ಡೂಮ್‌ಗೆ 25,000ದ ಆಸುಪಾಸು ಬೇಕು. ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಆಟ ತೆರೆದ ಕೂಡಲೇ ರನ್‌ಟೈಮ್ ಎರರ್ 200 ಎಂದು ಬಿದ್ದುಹೋದರೆ ವೇಗ ಅತಿಯಾಗಿದೆ: ಶುರುವಿನಲ್ಲಿ ಕಂಪ್ಯೂಟರ್ ಎಷ್ಟು ಚುರುಕು ಎಂದು ಅಳೆಯುವ ಲೆಕ್ಕದ ಭಾಗಲಬ್ಧ ಹಿಡಿಸುವ ಜಾಗ ಮೀರಿಬಿಡುತ್ತದೆ. ಸೈಕಲ್ ತಗ್ಗಿಸಿ ತೆರೆಯಿರಿ, ಆಮೇಲೆ ಏರಿಸಿ.

ಕೋಡ್ ಕೇಳುವ ಆಟಗಳು

ಕೆಲವು ಆಟಗಳಲ್ಲಿ ಎಲ್ಲವೂ ಡಿಸ್ಕ್‌ನಲ್ಲೇ ಇದ್ದು, ಕೋಡ್ ಕೊಟ್ಟರಷ್ಟೇ ತೆರೆಯುತ್ತದೆ. 1996ರಲ್ಲಿ ಮ್ಯಾಕಿಂಟಾಷ್‌ಗೆ ಬಂದ ಎಸ್ಕೇಪ್ ವೆಲಾಸಿಟಿಯಲ್ಲಿ ಮೂವತ್ತು ದಿನ ಕಳೆದರೂ ನೋಂದಾಯಿಸದಿದ್ದರೆ ಕ್ಯಾಪ್ಟನ್ ಹೆಕ್ಟರ್‌ನ ಹಡಗು ಬಂದು ನಿಮ್ಮ ಮೇಲೆ ಗುಂಡು ಹಾರಿಸುತ್ತದೆ. ಅದೇ ವರ್ಷದ ಕ್ವೇಕ್ ಸಿ.ಡಿ.ಯಲ್ಲಿ ಫೋನ್ ಮಾಡಿ ಕೋಡ್ ಪಡೆಯಬೇಕಿದ್ದ ಪೂರ್ತಿ ಆಟಗಳೇ ಅಡಗಿದ್ದವು. ಆ ಬೀಗವನ್ನು ಜನ ಒಡೆದರು. ಮೇಲೆ ಹೇಳಿದ ಬೀರುವಿನ ಲೆಕ್ಕವೇ ಇಲ್ಲೂ. ಇಂಥ ಆಟಗಳ ಹಳೆಯ ಕೋಡ್ ಕಾಗದ ಸಿಕ್ಕರೆ ಹೆಸರನ್ನು ಅಕ್ಷರಕ್ಷರ, ಮಧ್ಯದ ಜಾಗ ಸಹಿತ ಅದರಲ್ಲಿದ್ದಂತೆಯೇ ಹೊಡೆಯಿರಿ. ಹಲವು ಆಟಗಳಲ್ಲಿ ಕೋಡ್ ಹುಟ್ಟುವುದೇ ಹೆಸರಿನಿಂದ, ಹಾಗಾಗಿ ಒಂದು ಚುಕ್ಕೆ ಹೆಚ್ಚಾದರೂ ಹೊಂದುವುದಿಲ್ಲ.

ಪೂರ್ತಿ ಆಟ ಈಗ ಬೇಕೆಂದರೆ

ಆರ್ಡರ್ ಫಾರ್ಮ್‌ನಲ್ಲಿರುವ ವಿಳಾಸಕ್ಕೆ ಹಣ ಕಳಿಸಬೇಡಿ. ಕೀನ್, ವುಲ್ಫೆನ್‌ಸ್ಟೈನ್, ಡೂಮ್ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ದುಡ್ಡಿಗೆ ಸಿಗುತ್ತವೆ. ಕೊಂಡ ಮೇಲೆ ಸಿಗುವ ಡೂಮ್ ವ್ಯಾಡ್ ಫೈಲನ್ನು, ಇಂದಿನ ಕಂಪ್ಯೂಟರಿನಲ್ಲಿ ಡೂಮ್ ಓಡಿಸುವ ಚಾಕೊಲೇಟ್ ಡೂಮ್ ಎಂಬ ಪ್ರೋಗ್ರಾಂನ ಫೋಲ್ಡರ್‌ಗೆ ನಕಲಿಸಿದರೆ ಡಾಸ್‌ಬಾಕ್ಸ್ ಇಲ್ಲದೆಯೂ ಹಳೆಯ ರೀತಿಯಲ್ಲೇ ಆಡಬಹುದು. ಹಳೆಯದಾಯಿತು, ಮಾರಾಟವಿಲ್ಲ ಎಂದ ಮಾತ್ರಕ್ಕೆ ಆಟ ಬಿಟ್ಟಿಯಾಗುವುದಿಲ್ಲ, ಹಕ್ಕು ಇದ್ದೇ ಇರುತ್ತದೆ. ಹಕ್ಕುದಾರರೇ ಉಚಿತವೆಂದು ಬಿಟ್ಟವೂ ಇವೆ: ಅಪೋಜಿಯ ಸ್ಟಾರ್‌ಗನ್ನರ್, ಮೇಜರ್ ಸ್ಟ್ರೈಕರ್, ಏಲಿಯನ್ ಕಾರ್ನೇಜ್, 2009ರಿಂದ ಕ್ರಾಜ್, ಟಿಮ್ ಸ್ವೀನಿಯವರ 1991ರ ಝಡ್‌ಝಡ್‌ಟಿ, ಮತ್ತು ಟಿರಿಯನ್ 2000. ಇವುಗಳ ಪೂರ್ತಿ ಕಂತುಗಳನ್ನು ನಿಶ್ಚಿಂತೆಯಿಂದ ಇಳಿಸಿಕೊಂಡು, ನಿಮ್ಮ ಫ್ಲಾಪಿಯಲ್ಲಿದ್ದ ಮೊದಲ ಕಂತಿನ ಪಕ್ಕಕ್ಕೆ ಬೇರೆ ಫೋಲ್ಡರ್‌ನಲ್ಲಿಡಿ. ಫ್ಲಾಪಿಯಿಂದ ತೆಗೆದ ಫೋಲ್ಡರ್‌ಗೆ ಮಾತ್ರ ಏನನ್ನೂ ಸೇರಿಸಬೇಡಿ, ಅದರೊಳಗಿನ ಫೈಲ್‌ಗಳ ತಾರೀಖು ಕೂಡ ಬದಲಾಗದಂತೆ ಜಿಪ್ ಮಾಡಿ ಇಟ್ಟುಬಿಡಿ.