ಭೂಪಟ ಕೊನೆಗೆ, ಗ್ಲಾಸು ಮೊದಲು: ಲ್ವಾರ್ ವೈನ್‌ಗಳನ್ನು ಬೆಂಗಳೂರಿನ ಖರೀದಿದಾರರಿಗೆ ದಾಟಿಸಿದ ಬಗೆ

‘ಇಲ್ಲಿ ಫ್ರೆಂಚ್ ಅಂದರೆ ಬೋರ್ದೋ, ಮಿಕ್ಕಿದ್ದು ಶಾಂಪೇನ್. ಲ್ವಾರ್ ಯಾರಿಗೆ ಬೇಕು?’ ಫ್ರಾನ್ಸಿನ ಲ್ವಾರ್ ನದಿ ಕಣಿವೆಯ ವೈನ್ ಆಮದು ಮಾಡಿ ಬೆಂಗಳೂರಿನ ಹೋಟೆಲ್, ರೆಸ್ಟೋರೆಂಟ್‌ಗಳಿಗೆ ಮಾರಲು ಹೊರಟಾಗ ಹೀಗೆ ಎಂದವರೇ ಹೆಚ್ಚು. ಮೂರನೇ ವರ್ಷಕ್ಕೆ ಲ್ವಾರ್ ಕಣಿವೆಯ ಆರು ಲೇಬಲ್ ಸುಮಾರು ಇಪ್ಪತ್ತು ಕಡೆಯ ವೈನ್ ಲಿಸ್ಟ್‌ಗಳಲ್ಲಿ ಕೂತಿವೆ. ಹದಿಮೂರೋ ಹದಿನಾಲ್ಕೋ ಕಡೆಯಿಂದ ಎರಡನೇ ಆರ್ಡರೂ ಬಂದಿದೆ. ಮೊದಲ ಆರ್ಡರ್ ಯಾರು ಬೇಕಾದರೂ ದಾಕ್ಷಿಣ್ಯಕ್ಕೆ ಕೊಡುತ್ತಾರೆ, ನಾವು ಲೆಕ್ಕಕ್ಕೆ ಹಿಡಿಯುವುದು ಎರಡನೆಯದನ್ನು.

ಮೊದಲ ವರ್ಷದ ಟೇಸ್ಟಿಂಗ್‌ನಲ್ಲಿ, ಅಂದರೆ ಖರೀದಿದಾರರಿಗೆ ವೈನ್ ರುಚಿ ತೋರಿಸುವ ಕೂಟದಲ್ಲಿ, ಮಾಡಿದ್ದು ಎಲ್ಲರೂ ಮಾಡುವುದನ್ನೇ. ನದಿಯ ನಕ್ಷೆ, ಪಶ್ಚಿಮದ ನಾಂತ್‌ನಿಂದ ಪೂರ್ವದ ಸಾನ್ಸೇರ್‌ವರೆಗೆ ಹದಿನಾಲ್ಕು ಬಾಟಲಿ, ಮಣ್ಣಿನ ಮೇಲೆ ಇಪ್ಪತ್ತು ಸ್ಲೈಡ್. ನಲವತ್ತು ಜನ ಬಂದರು, ಊಟ ಚೆನ್ನಾಗಿತ್ತು, ಆರ್ಡರ್ ಬಂದದ್ದು ಹನ್ನೊಂದು ಕೇಸ್ (ಬಾಟಲಿ ಪೆಟ್ಟಿಗೆ). ಲ್ವಾರ್‌ನ ತೊಂದರೆ ಇರುವುದೇ ಅದರ ವೈವಿಧ್ಯದಲ್ಲಿ. ಸಮುದ್ರದ ಬದಿ ಮ್ಯುಸ್ಕಾದೇ ಎಂಬ ಬಿಳಿ ವೈನ್, ನಡುವೆ ಶೆನಿನ್ (ಬಿಳಿ) ಮತ್ತು ಕ್ಯಾಬರ್ನೆ ಫ್ರಾಂಕ್ (ಕೆಂಪು) ದ್ರಾಕ್ಷಿ, ಆಚೆ ತುದಿಯಲ್ಲಿ ಸೋವಿನ್ಯೋಂ (ಬಿಳಿ) ಮತ್ತು ಪಿನೋ ನ್ವಾರ್ (ಕೆಂಪು). ಒಣ (ಸಿಹಿಯಿಲ್ಲದ), ಅರೆ ಸಿಹಿ, ಪೂರ್ತಿ ಸಿಹಿ, ನೊರೆ, ರೋಸೆ (ಗುಲಾಬಿ ಬಣ್ಣದ್ದು) ಎಲ್ಲವೂ ಉಂಟು. ಅಷ್ಟನ್ನೂ ಒಂದೇ ಮಧ್ಯಾಹ್ನ ತೋರಿಸಿದರೆ ಎಂಟನೇ ಗ್ಲಾಸಿಗೆ ಖರೀದಿದಾರನ ಪೆನ್ನು ನಿಂತುಬಿಡುತ್ತದೆ.

ಎರಡನೇ ವರ್ಷ ಬಾಟಲಿ ಎಂಟಕ್ಕೆ ಇಳಿಸಿ, ಹೆಸರಿದೆ ಅಂತ ಸಾನ್ಸೇರ್‌ನಿಂದ ಶುರು ಮಾಡಿದೆವು. ಅದು ಇನ್ನೂ ದೊಡ್ಡ ತಪ್ಪು. ಬೆಲೆ ಕೇಳಿ ಮುಖ ಬಿಗಿದುಕೊಂಡರು, ಆಮೇಲೆ ಸುರಿದ, ಅದೇ ದ್ರಾಕ್ಷಿಯ ತೂರೇನ್ ಸೋವಿನ್ಯೋಂ ಅದರ ಬಡ ತಮ್ಮನಂತೆ ಕಂಡಿತು. ಶಿನೋಂ ಕೆಂಪು ವೈನನ್ನು ಕೋಣೆಯ ಶಾಖದಲ್ಲಿ, ಅಂದರೆ 27 ಡಿಗ್ರಿಯಲ್ಲಿ ಕೊಟ್ಟಿದ್ದೆವು. ‘ಇದು ಕ್ಯಾಪ್ಸಿಕಂ ವಾಸನೆ, ಬಾಟಲಿ ಕೆಟ್ಟಿದೆ’ ಎಂದು ಗ್ಲಾಸು ಪಕ್ಕಕ್ಕೆ ಇಟ್ಟರು. ಶಿನೋಂ ಮಾಡುವ ಕ್ಯಾಬರ್ನೆ ಫ್ರಾಂಕ್ ದ್ರಾಕ್ಷಿಗೆ ಆ ಹಸಿರು ವಾಸನೆ ಹುಟ್ಟುಗುಣ, ಬಿಸಿ ಏರಿದಷ್ಟೂ ಅದೂ ಆಲ್ಕೋಹಾಲೂ ಒಟ್ಟಿಗೆ ಮೂಗಿಗೆ ಹೊಡೆಯುತ್ತವೆ. ಈಗ 14-15 ಡಿಗ್ರಿಗೆ ಇಳಿಸಿ ಕೊಡುತ್ತೇವೆ, ಅದೇ ವೈನ್ ಪೆನ್ಸಿಲ್ ಸೀಸ, ರಾಸ್‌ಬೆರಿ ಅನ್ನಿಸಿಕೊಳ್ಳುತ್ತದೆ. ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು. ಬರೀ ಐಸ್ ತುಂಬಿದರೆ ಬಾಟಲಿಗೆ ತಾಗುವುದು ನಾಲ್ಕು ಕಡೆ ಮಾತ್ರ. ಶಿನೋಂಗೆ ಹನ್ನೆರಡು ನಿಮಿಷ ಸಾಕು, ಮ್ಯುಸ್ಕಾದೇಗೆ ಅರ್ಧ ಗಂಟೆ.

ಈಗಿನ ಕ್ರಮ ಹೀಗಿದೆ. ಹೋಗುವ ಮೊದಲೇ ಆ ಜಾಗದ ಲಿಸ್ಟ್ ತರಿಸಿ ಮೂರು ಸಂಗತಿ ಗುರುತು ಹಾಕಿಕೊಳ್ಳುತ್ತೇವೆ: ಗ್ಲಾಸ್ ಲೆಕ್ಕದಲ್ಲಿ ಮಾರುವ ಬಿಳಿ ವೈನ್ ಯಾವುದು, ನಾಲ್ಕರಿಂದ ಆರು ಸಾವಿರದ ನಡುವೆ ಏನಿಲ್ಲ, ಖಾರದ ಊಟದ ಜೊತೆ ಏನು ಕುಡಿಯಿರಿ ಎಂದು ಕ್ಯಾಪ್ಟನ್ (ಮುಖ್ಯ ಸಪ್ಲೈಯರ್) ಹೇಳುತ್ತಾನೆ. ಮೂರನೆಯದಕ್ಕೆ ಮುಕ್ಕಾಲು ಪಾಲು ಕಡೆ ಉತ್ತರ ‘ಬಿಯರ್’. ಲ್ವಾರ್ ಒಳಗೆ ಹೋಗುವುದು ಆ ಸಂದಿಯಲ್ಲೇ. ಒಮ್ಮೆಗೆ ಹನ್ನೆರಡು ಜನ, ಆರು ಬಾಟಲಿ, ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ ಮೂರೂವರೆ, ಲೈಸೆನ್ಸ್ ಇರುವ ಅವರದೇ ಜಾಗ. ಸಂಜೆ ಇಟ್ಟರೆ ಅವರ ಕಣ್ಣೆಲ್ಲ ಸರ್ವಿಸ್ ಮೇಲೆ. ಬ್ಯಾಂಕ್ವೆಟ್ ಹಾಲ್ ಬೇಡ, ಮಲ್ಲಿಗೆ ಮಾಲೆ ಮತ್ತು ರೂಮ್ ಫ್ರೆಶ್ನರ್ ಸೇರಿದರೆ ಮ್ಯುಸ್ಕಾದೇಯಂಥ ಮೆಲುದನಿಯ ವೈನ್ ಸತ್ತಂತೆಯೇ. 40 ಮಿಲಿ ಸುರಿದರೆ ಬಾಟಲಿಗೆ ಲೆಕ್ಕದಲ್ಲಿ ಹದಿನೆಂಟು ಬರಬೇಕು, ಕೈಯಲ್ಲಿ ಬರುವುದು ಹದಿನಾರು. ಪ್ರತಿಯೊಂದಕ್ಕೂ ಇನ್ನೊಂದು ಬಾಟಲಿ ಪಕ್ಕದಲ್ಲಿರಬೇಕು. ಒಂದು ಗಂಟೆ ಮೊದಲೇ ಎಲ್ಲ ತೆರೆದು ಮೂಸಿ ನೋಡದೆ ಕೂತರೆ, ಕಾರ್ಕ್ ಹಿಡಿದ (ಬಿರಡೆಯ ದೋಷದಿಂದ ಮುಗ್ಗಲು ವಾಸನೆ ಬಂದ) ಬಾಟಲಿ ಸಿಗುವುದು ಸರಿಯಾಗಿ ದೊಡ್ಡ ಹೋಟೆಲಿನವರ ಮುಂದೆಯೇ.

ಸುರಿಯುವ ಸಾಲು ನದಿಯ ಸಾಲಲ್ಲ. ಮೊದಲು ಅವರ ಹೌಸ್ ವೈನ್, ಅಂದರೆ ಅಲ್ಲಿ ಮಾಮೂಲಾಗಿ ಗ್ಲಾಸಿಗೆ ಸುರಿಯುವ ಬಿಳಿ, ಪಕ್ಕದಲ್ಲಿ ನಮ್ಮ ಮ್ಯುಸ್ಕಾದೇ ಸೆವ್ರ್ ಎ ಮೆನ್ ಸ್ಯುರ್ ಲಿ (ಯೀಸ್ಟಿನ ಗಸಿಯ ಮೇಲೆಯೇ ಇಟ್ಟು ಮಾಗಿಸಿದ್ದು), ಎರಡಕ್ಕೂ ಬಟ್ಟೆ ಸುತ್ತಿ. ನಂತರ ಮೂರು ಶೆನಿನ್. ನಂತರ ಶಿನೋಂ. ಕೊನೆಗೆ ಕ್ರೆಮಾಂ ದ ಲ್ವಾರ್. ನೊರೆ ವೈನ್ ಕೊನೆಗೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಕಾರಣ ಇದೆ, ಆದರೆ ಮಾರುಕಟ್ಟೆಯಲ್ಲಿ ಇನ್ನೂ ನಾಲ್ಕು ಜನ ಇದೇ ಕಸುಬಿನವರಿರುವುದರಿಂದ ಬಾಯಿ ಬಿಡುವುದಿಲ್ಲ. ಎರಡನೇ ಶೆನಿನ್‌ಗೂ ಮೂರನೆಯದಕ್ಕೂ ನಡುವೆ ಏನು ತಿನ್ನಲು ಕೊಡುತ್ತೇವೆ ಅನ್ನುವುದೂ ಹಾಗೆಯೇ. ಭೂಪಟ ಹೊರಬರುವುದು ಆರೂ ಗ್ಲಾಸು ಖಾಲಿಯಾದ ಮೇಲೆ, ಒಂದೇ ಹಾಳೆ. ಆ ಹೊತ್ತಿಗೆ ‘ಇದು ಎಲ್ಲಿಯದು?’ ಎಂದು ಅವರೇ ಕೇಳಿರುತ್ತಾರೆ.

ಶೆನಿನ್ ವಿಚಾರ ಸ್ವಲ್ಪ ಬಿಡಿಸಬೇಕು, ದುಡ್ಡು ಮುಳುಗಿದ್ದೂ ಎದ್ದಿದ್ದೂ ಅಲ್ಲೇ. ನಮ್ಮ ಖರೀದಿದಾರರಿಗೆ ಶೆನಿನ್ ಬ್ಲಾಂಕ್ ಅಂದರೆ ನಾಸಿಕ್: ತುಸು ಸಿಹಿ, ಅಗ್ಗ, ಬೇಗ ಕುಡಿದು ಮುಗಿಸುವಂಥದ್ದು. ‘ಇದು ಶೆನಿನ್’ ಎಂದು ಶುರು ಮಾಡಿದ ಕ್ಷಣ ಅವರ ತಲೆಯಲ್ಲಿ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ‘ವೂವ್ರೇ’ ಎಂದು ಊರಿನ ಹೆಸರು ಹೇಳಿದರೆ ಅರ್ಥವಾಗದು. ಹಾಗಾಗಿ ಹೆಸರು ಹೇಳದೆ ಮೂರನ್ನು ಸಾಲಾಗಿ ಇಡುತ್ತೇವೆ: ಆಂಜೂ ಕಡೆಯ ಸ್ಲೇಟಿನಂಥ ಶಿಸ್ಟ್ ಕಲ್ಲಿನ ಮೇಲೆ ಬೆಳೆದ ಒಣ ಸಾವೆನ್ಯೇರ್, ತುಫೋ ಸುಣ್ಣಕಲ್ಲಿನ ಊರಾದ ವೂವ್ರೇಯ ಅರೆ ಸಿಹಿ ಡೆಮಿ ಸೆಕ್, ಬೋಟ್ರೈಟಿಸ್ ಬೂಷ್ಟು ಹಿಡಿದ ದ್ರಾಕ್ಷಿಯ ಪೂರ್ತಿ ಸಿಹಿ ಕೊತೊ ದ್ಯು ಲೆಯೋಂ. ಮೂರೂ ಒಂದೇ ದ್ರಾಕ್ಷಿ ಎಂದು ಆಮೇಲೆ ಹೇಳಿದಾಗ ‘ನಾಸಿಕ್‌ದೂ ಇದೇ ಅಲ್ಲವಾ?’ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಆಗ ಹೌದು ಎನ್ನಬೇಕು, ಮೊದಲೇ ಅಲ್ಲ. ಒಂದು ಸಲ ನಾಸಿಕ್ ಶೆನಿನ್ ಒಂದನ್ನೂ ಸಾಲಿಗೆ ಸೇರಿಸಿ ನೋಡಿದೆವು. ಅದು ಅಂದುಕೊಂಡಷ್ಟು ಸೋಲಲಿಲ್ಲ, ಆ ದಿನದ ಆರ್ಡರ್ ಎರಡೇ ಕೇಸ್. ಮತ್ತೆ ಸೇರಿಸಿಲ್ಲ.

ವೂವ್ರೇಯ ಇನ್ನೊಂದು ಕಾಟ ಲೇಬಲ್ಲಿನದು. ಸೆಕ್ (ಒಣ) ಯಾವುದು, ಡೆಮಿ ಸೆಕ್ ಯಾವುದು ಎಂದು ಕೆಲವರು ಹಿಂಬದಿಯಲ್ಲಷ್ಟೇ ಸಣ್ಣಕ್ಷರದಲ್ಲಿ ಬರೆಯುತ್ತಾರೆ. ನಮ್ಮ ಆಮದು ಸ್ಟಿಕ್ಕರ್ ಸರಿಯಾಗಿ ಆ ಸಾಲಿನ ಮೇಲೆಯೇ ಕೂತಿತ್ತು. ಒಣ ವೈನ್ ಕೇಳಿದ ಗಿರಾಕಿಗೆ ಡೆಮಿ ಸೆಕ್ ಹೋಗಿ ಒಂಬತ್ತು ಬಾಟಲಿ ವಾಪಸ್. ಈಗ ಬಾಂಡ್‌ನಲ್ಲಿ (ಸುಂಕ ಕಟ್ಟುವವರೆಗೆ ಸರಕಿಡುವ ಗೋದಾಮಿನಲ್ಲಿ) ಸ್ಟಿಕ್ಕರ್ ಅಂಟಿಸುವವರಿಗೆ ಎಲ್ಲಿ ಅಂಟಿಸಬೇಕೆಂದು ಫೋಟೋ ಕಳಿಸುತ್ತೇವೆ. ತಳದಲ್ಲಿ ಕಾಣುವ, ದ್ರಾಕ್ಷಿಯ ಹುಳಿಯಿಂದಾದ ಟಾರ್ಟರಿಕ್ ಹರಳನ್ನು ಗಾಜಿನ ಚೂರು ಅಂದವರೂ ಇದ್ದಾರೆ. ಒಂದು ಹರಳನ್ನು ಅವರ ಮುಂದೆಯೇ ನಾಲಿಗೆ ಮೇಲಿಟ್ಟು ಕಡಿದು ತೋರಿಸಿದರೆ ಮಾತು ಮುಗಿಯಿತು.

ಊಟದ ಕಡೆ ಬಂದರೆ ಖಾರಕ್ಕೆ ಡೆಮಿ ಸೆಕ್ ಎನ್ನುವುದು ಎಲ್ಲರೂ ಬಲ್ಲ ಮಾತು. ಆದರೆ ಯಾವ ಖಾರ? ಕುಂದಾಪುರದ ಘೀ ರೋಸ್ಟ್ ಬ್ಯಾಡಗಿಯದು, ಬಣ್ಣ ಜಾಸ್ತಿ, ಉರಿ ಕಡಿಮೆ. ಅದಕ್ಕೆ ಸಾವೆನ್ಯೇರ್ ಕೂಡ ನಿಂತಿತು, ತುಪ್ಪವನ್ನು ಅದರ ಹುಳಿ ಕತ್ತರಿಸಿತು. ಗುಂಟೂರು ಮೆಣಸಿನಕಾಯಿ ಬಿದ್ದ ಆಂಧ್ರ ಕೋಳಿಗೆ ಸಾವೆನ್ಯೇರ್ ಬೆಂಕಿ, ಶೇ ಹದಿನಾಲ್ಕರ ಹತ್ತಿರದ ಆಲ್ಕೋಹಾಲ್ ಉರಿಯನ್ನು ಇನ್ನಷ್ಟು ಏರಿಸುತ್ತದೆ. ಅಲ್ಲಿ ವೂವ್ರೇಯ ಸಿಹಿ ಮಾಯವಾಗಿ ವೈನ್ ಒಣಗಿದಂತೆ ಅನ್ನಿಸುತ್ತದೆ. ‘ಸಿಹಿ ವೈನ್ ನಮ್ಮಲ್ಲಿ ಹೋಗಲ್ಲ’ ಎಂದಿದ್ದ ಷೆಫ್ ಒಬ್ಬರು ಎರಡನೇ ತುತ್ತಿಗೆ ಗ್ಲಾಸು ಮುಂದೆ ಚಾಚಿದರು. ಕಾಣೆ ರವಾ ಫ್ರೈಗೆ ಮ್ಯುಸ್ಕಾದೇ, ಇದರಲ್ಲಿ ವಾದವೇ ಇಲ್ಲ. ಕೊಡಗಿನ ಪಂದಿ ಕರಿಗೆ ಶಿನೋಂ ಇಟ್ಟದ್ದು ಸುಮ್ಮನೆ ಒಂದು ಪ್ರಯೋಗ. ಕಾಚಂಪುಳಿಯ ಹುಳಿಗೆ ಮೆತ್ತನೆಯ ಕೆಂಪು ವೈನ್‌ಗಳೆಲ್ಲ ನೀರಾಗುತ್ತವೆ, ಶಿನೋಂಗೆ ತನ್ನದೇ ಹುಳಿ ಇರುವುದರಿಂದ ಎದುರು ನಿಲ್ಲುತ್ತದೆ, ಕಾಳುಮೆಣಸೂ ಹೊಂದುತ್ತದೆ. ಸಾಂಬಾರಿಗೆ ಏನೂ ಆಗಲಿಲ್ಲ, ಆರನ್ನೂ ಇಟ್ಟು ನೋಡಿ ಕೈಬಿಟ್ಟೆವು.

ಇನ್ನು ಲೆಕ್ಕ. ಆಗ ಯೂರೋ ಸುಮಾರು 90 ರೂಪಾಯಿ, ಕೇಂದ್ರದ ಸುಂಕ ಸೆಸ್ ಸೇರಿ ಶೇ 150. ತೋಟದ ಬಾಗಿಲಲ್ಲಿ ಒಂದು ಯೂರೋ ಜಾಸ್ತಿ ಕೊಟ್ಟರೆ ಕಸ್ಟಮ್ಸ್ ದಾಟುವ ಹೊತ್ತಿಗೆ ಅದು 225 ರೂಪಾಯಿ, ಅಬಕಾರಿ ಮತ್ತು ಎಲ್ಲರ ಮಾರ್ಜಿನ್ ಸೇರಿ ಲಿಸ್ಟ್‌ನಲ್ಲಿ ಆರೇಳು ನೂರು. ಐದು ಯೂರೋದ ಮ್ಯುಸ್ಕಾದೇ ಲಿಸ್ಟ್‌ನಲ್ಲಿ ನಾಲ್ಕೂವರೆ ಸಾವಿರ ಚಿಲ್ಲರೆ. ಹದಿನೈದು ಯೂರೋದ ಸಾನ್ಸೇರ್ ಹನ್ನೊಂದು ಸಾವಿರ ದಾಟುತ್ತಿತ್ತು. ಅದಕ್ಕೇ ಸಾನ್ಸೇರ್ ಬಿಟ್ಟೆವು. ಗ್ಲಾಸಿಗೆ 150 ಮಿಲಿಯಂತೆ ಬಾಟಲಿಗೆ ಐದು, ಮೊದಲ ಗ್ಲಾಸಿನಲ್ಲೇ ಬಾಟಲಿಯ ದುಡ್ಡು ಎದ್ದು ಬರಬೇಕು ಎನ್ನುವವರು ಮ್ಯುಸ್ಕಾದೇಗೆ ಎರಡನೇ ಗ್ಲಾಸಿನವರೆಗೆ ಕಾಯಲು ಒಪ್ಪಿದ್ದಾರೆ. ಇಲ್ಲಿ ಪ್ರತಿ ಲೇಬಲ್ಲಿಗೂ ಅಬಕಾರಿಯವರಿಗೆ ವರ್ಷವರ್ಷ ಪ್ರತ್ಯೇಕ ಶುಲ್ಕ ಕಟ್ಟಬೇಕು. ಹದಿನಾಲ್ಕರಲ್ಲಿ ಎಂಟು ಲೇಬಲ್ಲಿನ ಶುಲ್ಕ ಮೊದಲ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಟೇಸ್ಟಿಂಗ್‌ಗಳನ್ನೆಲ್ಲ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿಸಿ, ಏಪ್ರಿಲ್‌ನಲ್ಲಿ ಯಾವುದನ್ನು ಮುಂದುವರಿಸಬೇಕು ಎಂದು ತೀರ್ಮಾನ ಮಾಡುತ್ತೇವೆ.

ಸರಕನ್ನು ಬೇಸಿಗೆಯಲ್ಲಿ ಚೆನ್ನೈ ಬಂದರಿಗೆ ತರಿಸುವ ತಪ್ಪನ್ನು ಒಂದೇ ಸಲ ಮಾಡಿದ್ದು. ಹಡಗಿನಲ್ಲಿ ರೀಫರ್ (ತಂಪು ಕಂಟೇನರ್) ಇತ್ತು, ಬೆಂಗಳೂರಿಗೆ ಬಂದ ಲಾರಿಗೆ ಇರಲಿಲ್ಲ. ಮೂವತ್ತು ಕೇಸ್‌ನಲ್ಲಿ ನಾಲ್ಕರ ಕಾರ್ಕ್ ಉಬ್ಬಿತ್ತು. ಈಗ ಪ್ಯಾಲೆಟ್ಟಿನ ನಡುವಿನ ಕೇಸಿನಲ್ಲಿ ಒಂದು ಟೆಂಪರೇಚರ್ ಲಾಗರ್ ಇಡುತ್ತೇವೆ, ಮೇಲಿನ ಕೇಸಿನಲ್ಲಿ ಇನ್ನೊಂದು. ಎರಡೂ ಬೇಕು, ಸುತ್ತಲಿನ ಕೇಸುಗಳ ಮರೆಯಲ್ಲಿ ತಂಪಾಗಿರುವುದರಿಂದ ಸುಳ್ಳು ಹೇಳುವುದು ಯಾವಾಗಲೂ ನಡುವಿನದು.

ತೆರೆದ ಬಾಟಲಿ ಎಷ್ಟು ದಿನ ಎಂದೂ ನೋಡಿದ್ದೇವೆ, ಗಾಳಿ ಎಳೆಯುವ ಮಾಮೂಲಿ ಪಂಪ್ ಹಾಕಿ ಫ್ರಿಜ್‌ನಲ್ಲಿಟ್ಟು. ಮ್ಯುಸ್ಕಾದೇ ಮೂರನೇ ದಿನಕ್ಕೆ ಸಪ್ಪೆ. ಶಿನೋಂ ಎರಡನೇ ದಿನ ಮೊದಲ ದಿನಕ್ಕಿಂತ ಚೆನ್ನ, ನಾಲ್ಕಕ್ಕೆ ಮುಗಿಯಿತು. ವೂವ್ರೇ ಡೆಮಿ ಸೆಕ್ ಆರನೇ ದಿನವೂ ಸುರಿಯುವಂತಿತ್ತು, ಗ್ಲಾಸ್ ಲೆಕ್ಕದಲ್ಲಿ ಮಾರುವವರನ್ನು ಗೆದ್ದದ್ದು ರುಚಿಗಿಂತ ಈ ಒಂದು ಮಾತು. ಸಾವೆನ್ಯೇರ್ ಎರಡನೇ ದಿನಕ್ಕೇ ಬಾಯಿ ತೆರೆಯುವುದು, ಹಾಗಾಗಿ ಟೇಸ್ಟಿಂಗ್‌ಗೆ ಅದನ್ನು ಹಿಂದಿನ ರಾತ್ರಿಯೇ ತೆರೆದಿಡುತ್ತೇವೆ.

ಹಾಗಿದ್ದೂ ಸಾವೆನ್ಯೇರ್ ಹೋಗುತ್ತಿಲ್ಲ. ಎಲ್ಲರೂ ಹೊಗಳುತ್ತಾರೆ, ಯಾರೂ ಬರೆಸುವುದಿಲ್ಲ. ಗೋದಾಮಿನಲ್ಲಿ ಇನ್ನೂ ಐದು ಕೇಸ್ ಇವೆ. ಬರುವ ಜುಲೈಗೆ ಆ ಲೇಬಲ್ ಬಿಟ್ಟು ಮ್ಯುಸ್ಕಾದೇಯ ಗೋರ್ಜ್ ಕ್ರ್ಯು (ಗುಣಕ್ಕೆ ಹೆಸರು ಪಡೆದ ಪ್ರದೇಶ) ತರಿಸುತ್ತಿದ್ದೇವೆ: ಗಾಬ್ರೋ ಕಲ್ಲಿನ ನೆಲ, ಲೀಸ್ (ಯೀಸ್ಟಿನ ಗಸಿ) ಮೇಲೆ ಎರಡು ವರ್ಷ, 2011ರಲ್ಲಿ ಮಾನ್ಯತೆ ಸಿಕ್ಕ ಮೊದಲ ಮೂರು ಕ್ರ್ಯುಗಳಲ್ಲೊಂದು. ಸ್ಯಾಂಪಲ್ ಎರಡು ಬಾಟಲಿ ಬಂದಿವೆ, ಮೀನು ಸಾರಿನ ಜೊತೆ ಇನ್ನೂ ನೋಡಬೇಕು.